ಇವಳದೇ ಸೆಲೆಕ್ಷನ್

ಮನೆಗೆ ಯಾರೇ ಹೊಸಬರು ಬಂದರೂ ಶಿವಪ್ರಕಾಶ ಅವರನ್ನು ಕೂರಲು ಬಿಡದೆ ಮೊದಲು ಮನೆ ತೋರಿಸುತ್ತಿದ್ದ. ಅಮೆರಿಕದ ಸ್ಯಾನ್ ಹೋಸೆಯ ಪೂರ್ವದಲ್ಲಿ, ಎವರ್‌ಗ್ರೀನಿನ ಗುಡ್ಡದ ಇಳಿಜಾರಿನಲ್ಲಿ ಹೊಸದಾಗಿ ಕೊಂಡ ಮನೆ. ಹಾಲಿನ ಪರದೆ, ಸೋಫಾ, ಅಡುಗೆಮನೆಯ ಗೋಡೆಯ ತಿಳಿಹಳದಿ, ಒಂದೊಂದರ ಮುಂದೆಯೂ ನಿಂತು, "ಎಲ್ಲಾ ಇವಳದೇ ಸೆಲೆಕ್ಷನ್ನು" ಎನ್ನುತ್ತಿದ್ದ. ಬಂದವರು ಹೇಮಶ್ರೀಯ ಕಡೆ ತಿರುಗಿ ಮೆಚ್ಚುಗೆಯಿಂದ ತಲೆದೂಗುತ್ತಿದ್ದರು. ಪರದೆ ಹಿಂದಿನ ಮಾಲೀಕರು ಬಿಟ್ಟುಹೋದದ್ದು. ಆ ಹಳದಿ ಅವಳಿಗೆ ಎಂದೂ ಹಿಡಿಸಿದ್ದಲ್ಲ. ಆದರೂ ನಕ್ಕು ಸುಮ್ಮನಿರುತ್ತಿದ್ದಳು. ಗಂಡ ನಾಲ್ಕು ಜನರ ಮುಂದೆ ಹೊಗಳುತ್ತಿರುವಾಗ ತಿದ್ದುವುದು ಹೇಗೆ?

ಮನೆಯ ಸುತ್ತು ಮುಗಿಯುವುದು ಗ್ಯಾರೇಜಿನಲ್ಲಿ. ಅಲ್ಲಿ ಅವನ ದನಿಯೇ ಬೇರೆಯಾಗುತ್ತಿತ್ತು. ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, "ಇದು ಮಾತ್ರ ನಂದು" ಎನ್ನುತ್ತಿದ್ದ.

ಎರಡೇ ಬಾಗಿಲಿನ, ಉದ್ದ ಮೂತಿಯ, ಎಂಟು ಸಿಲಿಂಡರಿನ ಅಮೆರಿಕನ್ ಕಾರು ಅದು. ಇಲ್ಲಿನವರು ಮಸಲ್ ಕಾರು ಎನ್ನುತ್ತಾರೆ. ಹೆಚ್ಚುಕಡಿಮೆ ಹೇಮಶ್ರೀಯಷ್ಟೇ ವಯಸ್ಸು ಅದಕ್ಕೆ. ಗಿಲ್‌ರಾಯ್‌ನ ಬೆಳ್ಳುಳ್ಳಿ ಹೊಲವೊಂದರ ಪಕ್ಕದ ಶೆಡ್ಡಿನಿಂದ ತಂದಾಗ ಹಿಂದಿನ ಸೀಟಿನಲ್ಲಿ ಇಲಿ ಗೂಡು ಕಟ್ಟಿತ್ತು. ಮಂಡ್ಯದಲ್ಲಿ ಲೂನಾ ಬಿಟ್ಟು ಬೇರೇನನ್ನೂ ಓಡಿಸದ ಶಿವಪ್ರಕಾಶನಿಗೆ ಹಳೆಯ ಕಾರಿನ ಹುಚ್ಚು ತಾನಾಗಿ ಹಿಡಿದದ್ದಲ್ಲ. ಮೌಂಟನ್ ವ್ಯೂದಲ್ಲಿ ಅವನು ಕೆಲಸ ಮಾಡುತ್ತಿದ್ದ ಪುಟ್ಟ ಇಂಟರ್‌ನೆಟ್ ಕಂಪನಿಯ ಯಜಮಾನ ಡೇವ್‌ಗೆ ಆ ಹುಚ್ಚಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಡೇವ್ ತನಗೆ ಬೇಕಾದ ನಾಲ್ಕೈದು ಜನರೊಂದಿಗೆ ಹಳೆಯ ಕಾರುಗಳಲ್ಲಿ ಮೌಂಟ್ ಹ್ಯಾಮಿಲ್ಟನ್ ಗುಡ್ಡ ಹತ್ತುತ್ತಿದ್ದ. ಯಾರು ಮೇಲೆ ಹೋಗುತ್ತಾರೆ, ಯಾರಿಗೆ ಯಾವ ಟೀಮು ಎಂಬುದೆಲ್ಲ ಆಫೀಸಿನಲ್ಲಿ ಅಲ್ಲ, ಆ ಗುಡ್ಡದ ತುದಿಯಲ್ಲಿ ಕಾಫಿ ಕುಡಿಯುವಾಗ ತೀರ್ಮಾನವಾಗುತ್ತದೆ ಎಂದು ಶಿವಪ್ರಕಾಶ ನಂಬಿದ್ದ. ಬಹುಶಃ ನಿಜವೇ ಇದ್ದೀತು. ಅದು ತೊಂಬತ್ತೊಂಬತ್ತನೆಯ ಇಸವಿ. ಎಂತೆಂಥದನ್ನೋ ನಂಬಿದವರು ಸಾಹುಕಾರರಾಗುತ್ತಿದ್ದ ಕಾಲ.

ಆದರೆ ಕಾರು ಗುಡ್ಡ ಹತ್ತಲಿಲ್ಲ. ಮೊದಲ ಭಾನುವಾರವೇ ಅರ್ಧ ದಾರಿಯಲ್ಲಿ ಕೆಮ್ಮಿ, ಏದುಸಿರು ಬಿಟ್ಟು, ಎಲ್ಲರಿಗಿಂತ ಹಿಂದೆ ಬಿತ್ತು. ಇಳಿದು ಬಂದವನ ಮುಖ ನೋಡಿ ಹೇಮಶ್ರೀ ಉಪ್ಪಿಟ್ಟು ಬಡಿಸಿದಳು. ಕೈಯಲ್ಲಿದ್ದುದೆಲ್ಲ ಮನೆಗೆ ಸುರಿದಾಗಿತ್ತು, ಕಂಪನಿಯ ಶೇರು ಇನ್ನೂ ಕಾಗದದ ಮೇಲೇ ಇತ್ತು. ಹೊಸ ಎಂಜಿನ್ನಿನ ಮಾತೇ ಇರಲಿಲ್ಲ. ಒಂದು ಶನಿವಾರ ಅವನು ಕಾರಿನ ಮ್ಯಾಗಜೀನುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ಒಳಗೆ ಕೂಗಿದ.

"ಹೇಮಾ, ನೀನು ಇದನ್ನೇ ಅಲ್ವಾ ಓದಿದ್ದು? ಸ್ವಲ್ಪ ಬಾ ಇಲ್ಲಿ."

ಬೇಳೆ ತೊಳೆಯುತ್ತಿದ್ದ ಅವಳ ಕೈ ನಿಂತುಹೋಯಿತು.

ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಆಮೇಲೆ ಮೈಸೂರಿನ ಬೈಕ್ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಎಂಜಿನ್ನುಗಳನ್ನು ಕಬ್ಬಿಣದ ಹಾಸಿನ ಮೇಲೆ ಬಿಗಿದು ಪೂರಾ ವೇಗದಲ್ಲಿ ಓಡಿಸಿ ನೋಡುವ ವಿಭಾಗ. ಗೋಡೆಯಾಚೆ ನಿಂತು ಸದ್ದು ಕೇಳಿಯೇ ಯಾವುದಕ್ಕೆ ಏನಾಗಿದೆ ಎಂದು ಹೇಳುತ್ತಿದ್ದಳು. ಮದುವೆಯಾಗಿ, ಗಂಡನ ಮೇಲೆ ಅವಲಂಬಿತಳೆಂಬ ವೀಸಾದಲ್ಲಿ ಇಲ್ಲಿಗೆ ಬಂದಮೇಲೆ ಕೆಲಸ ಮಾಡುವಂತಿರಲಿಲ್ಲ. ಏನು ಓದಿದ್ದೀರಿ ಎಂದು ಕೂಡ ಇಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಸೀರೆ ಎಲ್ಲಿ ತಗೊಂಡಿರಿ ಎಂದು ಕೇಳಿದ್ದರು, ಸಾರಿನ ಪುಡಿ ಮನೆಯಲ್ಲೇ ಮಾಡಿದ್ದಾ ಎಂದು ಕೇಳಿದ್ದರು.

ಕೈ ಒರೆಸಿಕೊಂಡು ಬಂದು ಎದುರು ಕೂತಳು.

"ದೊಡ್ಡ ಕಾರ್ಬೊರೇಟರ್ ಹಾಕಿಬಿಡೋಣ ಅಂತ," ಅಂದ ಶಿವಪ್ರಕಾಶ, ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಆ ಭಾಗದ ಚಿತ್ರ ತೋರಿಸುತ್ತ. "ಇರೋದ್ರಲ್ಲೇ ದೊಡ್ಡದು. ಕಂಪ್ಯೂಟರ್‌ಗೆ ಮೆಮೊರಿ ಹಾಕ್ದಂಗೆ. ಜಾಸ್ತಿ ಹಾಕಿದಷ್ಟೂ ಒಳ್ಳೇದು."

"ಎಂಜಿನ್ನು ಕಂಪ್ಯೂಟರ್ ಅಲ್ಲ ರೀ. ಅದಕ್ಕೆ ಎಷ್ಟು ಗಾಳಿ ಎಳೆಯೋಕಾಗುತ್ತೋ ಅಷ್ಟೇ ಎಳೆಯುತ್ತೆ. ಮೊದಲು ಎಂಟೂ ಸಿಲಿಂಡರ್ ಸರಿಯಾಗಿದೆಯಾ ನೋಡ್ಬೇಕು. ಪ್ಲಗ್ಗು, ವೈರು ಹೊಸದು ಹಾಕ್ಬೇಕು. ಆಮೇಲೆ ಹೊಗೆ ಕೊಳವೆ. ಉಸಿರು ಬಿಡೋಕೇ ದಾರಿ ಇಲ್ಲದೋರಿಗೆ ಜೋರಾಗಿ ಉಸಿರೆಳ್ಕೋ ಅಂದ್ರೆ ಏನ್ಮಾಡ್ತಾರೆ?"

ಅವನು ನಕ್ಕ. "ಸರಿ, ಮುಂದೆ?"

"ಕಾರ್ಬೊರೇಟರ್ ಮಧ್ಯಮದ್ದು ಸಾಕು. ಅದರಿಂದ ಎಂಟೂ ಸಿಲಿಂಡರಿಗೆ ಗಾಳಿ ಹಂಚೋ ಮ್ಯಾನಿಫೋಲ್ಡು ಗುಜರಿಲೇ ಸಿಗುತ್ತೆ. ಹಿಂದಿನ ಆಕ್ಸಲ್ಲಿನ ಗೇರು ಬದಲಾಯಿಸೋಣ, ಗುಡ್ಡ ಹತ್ತೋಕೆ ಅದಕ್ಕಿಂತ ಅಗ್ಗದ ಉಪಾಯ ಇಲ್ಲ."

"ಮತ್ತೆ ಕ್ಯಾಮ್‌ಶಾಫ್ಟು? ಎಲ್ಲಾ ಮ್ಯಾಗಜೀನಲ್ಲೂ ಅದನ್ನೇ ಬರ್ದಿದಾರೆ."

"ಅದನ್ನ ಮಾತ್ರ ಮುಟ್ಟೋದೇ ಬೇಡ." ಕ್ಯಾಮ್‌ಶಾಫ್ಟೆಂದರೆ ಎಂಜಿನ್ನಿನ ಒಳಬಾಗಿಲುಗಳನ್ನು ತೆರೆದು ಮುಚ್ಚುವ ಉಬ್ಬುಗಳಿರುವ ಸರಳು. ಉಬ್ಬು ದೊಡ್ಡದಾದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ. "ರೇಸಿಗೆ ಸರಿ ಅದು. ನಿಧಾನ ಹೋಗುವಾಗ ಎಂಜಿನ್ನು ನಡುಗುತ್ತೆ, ಎಳೆತ ಸಾಯುತ್ತೆ. ಬ್ರೇಕಿಗೂ ತೊಂದರೆ."

ಅಂದು ಅನ್ನ ಸೀದುಹೋಯಿತು. ಇಬ್ಬರೂ ಅದನ್ನೇ ಮೊಸರು ಕಲಸಿಕೊಂಡು ತಿಂದರು. ಮದುವೆಯಾದಾಗಿನಿಂದ ಅಷ್ಟು ಹೊತ್ತು ಅವರು ಎದುರುಬದುರು ಕೂತು ಮಾತಾಡಿದ್ದು ಹೇಮಶ್ರೀಗೆ ನೆನಪಿರಲಿಲ್ಲ.

ಕೆಲಸ ಶುರುವಾದದ್ದು ಗ್ಯಾರೇಜಿನ ಬಾಗಿಲು ಇಳಿಸಿಕೊಂಡು. ಅದು ಶಿವಪ್ರಕಾಶನ ಷರತ್ತು.

"ನೀನು ಡಿಪೆಂಡೆಂಟ್ ವೀಸಾದಲ್ಲಿದ್ದೀಯ ಕಣೇ. ಸ್ಪ್ಯಾನರ್ ಹಿಡ್ಕೊಂಡು ನಿಂತಿರೋದನ್ನ ನೋಡಿ, ಇವಳು ಕೆಲಸ ಮಾಡ್ತಿದಾಳೆ ಅಂತ ಯಾರಾದ್ರೂ ಇಮಿಗ್ರೇಷನ್‌ನೋರಿಗೆ ಫೋನ್ ಮಾಡಿದ್ರೆ?"

"ನಮ್ಮನೆ ಕಾರು ರೀ. ಸಂಬಳ ಕೊಡ್ತೀರಾ ನೀವು ನಂಗೆ?"

"ತಮಾಷೆ ಅಲ್ಲ. ನಮ್ಮ ಆಫೀಸಿನ ನವೀನನ ಹೆಂಡ್ತಿ ಪಕ್ಕದ ಮನೆ ಮಗು ನೋಡ್ಕೊಂಡಿದ್ದಕ್ಕೇ ಎಷ್ಟು ರಗಳೆ ಆಯ್ತು ಗೊತ್ತಲ್ಲ? ಗ್ರೀನ್ ಕಾರ್ಡ್ ಫೈಲು ಅವರ ಹತ್ರಾನೇ ಇದೆ. ಈಗ ರಿಸ್ಕ್ ಬೇಡ."

ಕಾನೂನು ಹಾಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ. ಪಾಸ್‌ಪೋರ್ಟಿನ ಮೇಲೆ ಒತ್ತಿದ ಒಂದು ಮುದ್ರೆಯ ಮೇಲೆ ಮನೆ, ಮಗಳ ಶಾಲೆ, ಫ್ರಿಜ್ಜಿನಲ್ಲಿರುವ ಹಾಲು ಎಲ್ಲವೂ ನಿಂತಿದೆ ಎಂಬ ಭಾವನೆ ಆ ಬೀದಿಯ ಎಲ್ಲ ಕನ್ನಡದ ಮನೆಗಳಲ್ಲೂ ಇತ್ತು. ಬಾಗಿಲು ಇಳಿಯಿತು. ಬಲ್ಬಿನ ಬೆಳಕಿನಲ್ಲಿ ಅವಳು ಕಾರಿನೊಳಕ್ಕೆ ಬಗ್ಗಿದಳು. ಅವನು ಸ್ಟೂಲಿನ ಮೇಲೆ ಕೂತು ಪುಸ್ತಕದಿಂದ ಅಳತೆಗಳನ್ನು ಓದಿ ಹೇಳಿದ. ಕೆಲಸ ಮುಗಿದಾಗ ಅವಳು ಒಳಬಾಗಿಲಿನಿಂದ ಹೋಗಿ, ನಿಂಬೆಹೋಳು, ಸಕ್ಕರೆ ಹಾಕಿ ಉಜ್ಜಿ ಉಗುರಿನ ಮಸಿ ತೆಗೆಯುತ್ತಿದ್ದಳು. ಆಮೇಲೆ ಹೊರಬಾಗಿಲು ಮೇಲೇಳುತ್ತಿತ್ತು. ಬೀದಿಗೆ ಕಾಣುವಂತೆ ಶಿವಪ್ರಕಾಶ ಮಸಿಬಟ್ಟೆಯಲ್ಲಿ ತನ್ನ ಶುಭ್ರವಾದ ಕೈಗಳನ್ನು ಒರೆಸಿಕೊಳ್ಳುತ್ತ ನಿಂತಿರುತ್ತಿದ್ದ.

ಕಾರು ಗುಡ್ಡ ಹತ್ತಿತು. ಭಾನುವಾರ ಮಧ್ಯಾಹ್ನ ಬಂದವನ ಮುಖದಲ್ಲಿ ಬಿಸಿಲು.

"ಡೇವ್ ತಾನೇ ಇಳಿದು ಬಂದು ಬಾನೆಟ್ ತೆಗೆಸಿ ನೋಡಿದ ಹೇಮಾ! ಇಷ್ಟು ಹದವಾಗಿ ಯಾರು ಸೆಟ್ ಮಾಡಿದ್ದು ಅಂತ ಕೇಳ್ದ."

"ನೀವೇನಂದ್ರಿ?"

ಅವನು ಸಾಂಬಾರು ಬಡಿಸಿಕೊಳ್ಳುತ್ತ, "ಮನೇಲೇ ಮಾಡಿದ್ದು ಅಂದೆ" ಎಂದ.

ಮನೇಲೇ. ಆ ಮಾತನ್ನು ಅವಳು ಎಷ್ಟೋ ದಿನ ಜೋಪಾನವಾಗಿ ಇಟ್ಟುಕೊಂಡಳು. ಅದರಲ್ಲಿ ತನಗೂ ಒಂದಿಷ್ಟು ಜಾಗವಿತ್ತು. ಇಂದಲ್ಲ ನಾಳೆ, ಪರದೆಯ ಮುಂದೆ ಹೇಳುವ ಮಾತನ್ನು ಅವನು ಎಂಜಿನ್ನಿನ ಮುಂದೆಯೂ ಹೇಳಿಯಾನು ಎಂದುಕೊಂಡಳು. ಅವಳಿಗೆ ಬೇಕಾಗಿದ್ದುದು ಅಷ್ಟೇ, ಒಂದು ಸಲ, ಜನರ ಮುಂದೆ.

ಬೇಸಿಗೆಯಲ್ಲಿ ಅವರ ಮನೆಯಲ್ಲಿ, ಬಂದವರೆಲ್ಲ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟ. ಹೆಂಗಸರು ಅಡುಗೆಮನೆಯಲ್ಲಿ, ಗಂಡಸರು ಗ್ಯಾರೇಜಿನಲ್ಲಿ. ಹೇಮಶ್ರೀ ಟೀ ತಟ್ಟೆ ಹಿಡಿದು ಹೋದಾಗ ಎದುರುಮನೆಯ ತಿರುಮಲೇಶ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಹಾಸನದವನು, ಎಲ್ಲರ ಕಾಲೆಳೆಯುವವನು.

"ಅಲ್ಲ ಗುರೂ, ಇಷ್ಟು ದೊಡ್ಡ ಎಂಜಿನ್ನಿಗೆ ಇಷ್ಟೇ ಇಷ್ಟು ಕಾರ್ಬೊರೇಟರ್ರಾ? ಆನೆಗೆ ಇಲಿ ಮೂಗು ಇಟ್ಟಂಗಿದೆ."

"ಅದು… ಬಜೆಟ್ಟು ಕಣೋ," ಅಂದ ಶಿವಪ್ರಕಾಶ.

ಹೇಮಶ್ರೀ ಬಾಯಿ ಬಿಡಬಾರದಿತ್ತು. ತಟ್ಟೆ ಇಟ್ಟು ಹೋಗಬಹುದಿತ್ತು. ಆದರೆ ಬಜೆಟ್ಟೆಂಬ ಮಾತು ಚುಚ್ಚಿತು.

"ಬಜೆಟ್ಟಿಗಲ್ಲ," ಅಂದಳು. "ಇದು ನಮ್ಮನೆಯೋರು ಓಡಿಸೋ ವೇಗಕ್ಕೆ ಹಾಕಿದ್ದು. ದೊಡ್ಡದು ಹಾಕಿದ್ರೆ ಒಳಗೆ ಹೋಗೋ ಗಾಳಿ ನಿಧಾನ ಆಗುತ್ತೆ, ಪೆಟ್ರೋಲು ಸರಿಯಾಗಿ ಬೆರೆಯಲ್ಲ. ಗುಡ್ಡದಲ್ಲಿ ಕೆಮ್ಮುತ್ತೆ."

ತಿರುಮಲೇಶ ಮೆಲ್ಲಗೆ ಬಾನೆಟ್ಟಿನಿಂದ ತಲೆ ಹೊರತೆಗೆದ.

"ಓಹೋಹೋ! ಶಿವೂ, ಹಂಗಾದ್ರೆ ಮೆಕ್ಯಾನಿಕ್ಕು ಅತ್ತಿಗೆ, ನೀನು ಬರೀ ಡ್ರೈವರ್ರು! ಸಂಬಳ ಎಷ್ಟು ಕೊಡ್ತಾರೋ?"

ಗ್ಯಾರೇಜೆಲ್ಲ ನಗು. ಶಿವಪ್ರಕಾಶ ಎಲ್ಲರಿಗಿಂತ ಜೋರಾಗಿ ನಕ್ಕ. ಹೇಮಶ್ರೀ ಅವನ ಬಾಯನ್ನೇ ನೋಡುತ್ತ ನಿಂತಳು. ಈಗ ಹೇಳುತ್ತಾನೆ ಎಂದುಕೊಂಡಳು. "ನಾನು ಓದಿ ಬಿಟ್ಟ ಮ್ಯಾಗಜೀನ್ ಓದ್ತಿರ್ತಾಳೆ," ಅಂದ ಅವನು, "ಟೈಮ್‌ಪಾಸಿಗೆ."

ಎಲ್ಲರೂ ಹೋದಮೇಲೆ ಲೋಟ ಎತ್ತಿಡುತ್ತ ಒಂದೇ ಮಾತು ಆಡಿದ. "ಟೀ ಕೊಟ್ಟು ಬರಬೇಕಾಗಿತ್ತು ನೀನು."

ಅಲ್ಲಿಂದ ಮುಂದೆ ಅವನು ಕಾರಿನ ಬಗ್ಗೆ ಅವಳನ್ನು ಏನೂ ಕೇಳಲಿಲ್ಲ. ಸ್ವಲ್ಪ ದಿನಕ್ಕೆ ಮನೆಗೆ ಎರಡು ಪೆಟ್ಟಿಗೆ ಬಂದವು. ಒಂದರಲ್ಲಿ ಕ್ಯಾಟಲಾಗಿನಲ್ಲಿದ್ದುದರಲ್ಲೇ ದೊಡ್ಡ ಕಾರ್ಬೊರೇಟರು, ಇನ್ನೊಂದರಲ್ಲಿ ಅದೇ ರೇಸಿನ ಕ್ಯಾಮ್‌ಶಾಫ್ಟು. ಬೇಡವೆಂದ ಎರಡನ್ನೇ ಹುಡುಕಿ ತರಿಸಿದ್ದ. ಅವನಿಗೆ ಅವು ಬೇಕಾಗಿದ್ದವೋ ಅಥವಾ ಅವಳು ಬೇಡವೆಂದದ್ದೇ ಕಾರಣವೋ, ಅವಳು ಕೇಳಲಿಲ್ಲ. ಬ್ರೇಕಿನ ವಿಷಯ ಮಾತ್ರ ಹೇಳಿದಳು.

"ನೀನು ಓದಿದ್ದು ಬೈಕಿನ ಎಂಜಿನ್ನು," ಅಂದ ಅವನು. "ಇದು ಅಮೆರಿಕನ್ ವಿ-ಎಯ್ಟ್. ಬೇರೆ ಲೆಕ್ಕ."

ಕಾರನ್ನು ಊರಾಚೆಯ ಒಂದು ವರ್ಕ್‌ಶಾಪಿಗೆ ಕೊಂಡೊಯ್ಯುವ ಬೆಳಿಗ್ಗೆ ಅವಳು ಖಾಲಿ ಮೊಟ್ಟೆ ಡಬ್ಬಿಗಳನ್ನು ಅವನ ಕೈಗಿಟ್ಟಳು. "ಹಳೇ ಕ್ಯಾಮಿನ ಮೇಲೆ ಕೂತಿರೋ ಲಿಫ್ಟರುಗಳನ್ನ ಯಾವುದು ಎಲ್ಲಿತ್ತೋ ಅದೇ ಸಾಲಲ್ಲಿ ಇದರೊಳಗೆ ಇಡೋಕೆ ಹೇಳಿ." ಬೆರಳುದ್ದದ ಆ ಉಕ್ಕಿನ ತುಂಡುಗಳು ವರ್ಷಗಟ್ಟಲೆ ಒಂದೇ ಉಬ್ಬಿನ ಜೊತೆ ಉಜ್ಜಿ ಅದಕ್ಕೇ ಒಗ್ಗಿಹೋಗಿರುತ್ತವೆ. ಸ್ಥಳ ಬದಲಾದರೆ ಒಂದನ್ನೊಂದು ತಿಂದುಹಾಕುತ್ತವೆ. ಅವನು ಗೊಣಗಿದ, ಆದರೂ ಒಯ್ದ. ಬಿಚ್ಚಿದ ಹಳೆಯ ಭಾಗಗಳೆಲ್ಲ ಬಂದಾಗ ಅವಳು ತನ್ನ ಹಳೆಯ ಹತ್ತಿ ಸೀರೆ ಹರಿದು ಅವುಗಳಿಗೆ ಸುತ್ತಿ, ಡಬ್ಬಿಗಳ ಜೊತೆ ಅಟ್ಟದ ಮೇಲಿಟ್ಟಳು.

ಕಾರು ಈಗ ನಿಂತಲ್ಲೇ ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಆದರೆ ಸದ್ದು! ಕಲ್ಲಿನ ಮೇಲೆ ಪೀಪಾಯಿ ಉರುಳಿದಂಥ ಆ ಗುಡುಗುಡು ಕೇಳಿ ಬೀದಿಯ ಗಂಡಸರೆಲ್ಲ ಹೊರಬಂದರು. "ಈಗ ನೋಡು ಗುರೂ, ಕಾರು ಅಂದ್ರೆ ಇದು" ಎಂದು ತಿರುಮಲೇಶ ಶಿವಪ್ರಕಾಶನ ಬೆನ್ನು ತಟ್ಟಿದ. ಗುಡ್ಡದಲ್ಲಿ ಅದು ಮೊದಲಿಗಿಂತ ನಿಧಾನವಾಗಿತ್ತು. ಅದನ್ನು ಯಾರೂ ಗಮನಿಸಿದಂತಿರಲಿಲ್ಲ, ಅಥವಾ ಸದ್ದಿನ ಮುಂದೆ ಅದು ಮುಖ್ಯವಾಗಿರಲಿಲ್ಲ.

ಅವನು ಸ್ನಾನಕ್ಕೆ ಹೋದಾಗ ಹೇಮಶ್ರೀ ಎಂಜಿನ್ನು ಶುರು ಮಾಡಿ, ಅದರ ಹೀರುವಿಕೆ ಅಳೆಯುವ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ ನೋಡಿದಳು. ಮುಳ್ಳು ತೀರ ಕೆಳಗೆ ಅಲುಗಾಡುತ್ತಿತ್ತು. ಅವಳು ಹೆದರಿದ್ದು ಅದಕ್ಕೇ. ಬ್ರೇಕಿನ ಪೆಡಲು ಹಗುರವಾಗಿರುವುದು ಎಂಜಿನ್ನು ಗಾಳಿ ಹೀರುವ ಬಲದಿಂದ. ಆ ಬಲವೇ ಇಲ್ಲದಿದ್ದರೆ ಪೆಡಲು ಕಲ್ಲಾಗುತ್ತದೆ. ಸಾಲದ್ದಕ್ಕೆ ಎಂಜಿನ್ನು ಆರಿಹೋಗದಿರಲೆಂದು ವರ್ಕ್‌ಶಾಪಿನವರು ಅದರ ವೇಗ ಏರಿಸಿಟ್ಟಿದ್ದರು. ಕ್ಲಚ್ಚಿಲ್ಲದ ಕಾರು, ಗೇರಿಗೆ ಹಾಕಿದರೆ ತಾನೇ ಮುನ್ನುಗ್ಗುತ್ತಿತ್ತು.

ಆಯುಧಪೂಜೆಯ ಹಿಂದಿನ ದಿನ ಹೇಳಿದಳು. "ನಾಳೆ ಬ್ರೇಕು ಒತ್ತುವಾಗ ಇಡೀ ಕಾಲಿನ ಬಲ ಹಾಕಿ ಒತ್ತಿ. ಇಲ್ಲಾಂದ್ರೆ ನಿಲ್ಲಲ್ಲ."

"ಹಬ್ಬದ ಹೊತ್ತಲ್ಲಿ ಅಪಶಕುನ ಆಡ್ಬೇಡ," ಅಂದ ಅವನು. "ಡೇವ್ ಬರ್ತಿದಾನೆ."

ಹಬ್ಬ ವಾರದ ನಡುವೆ ಬಂದಿದ್ದರೂ ಎಲ್ಲರೂ ಸೇರಿ ಪೂಜೆ ಮಾಡುವುದು ಶನಿವಾರವೇ. ಡ್ರೈವ್‌ವೇ ತೊಳೆದು, ಅದು ರಸ್ತೆ ಸೇರುವಲ್ಲಿ ಹೇಮಶ್ರೀ ರಂಗೋಲಿ ಹಾಕಿದ್ದಳು. ಬೂದುಗುಂಬಳ ಸಿಗದೆ, ಹ್ಯಾಲೊವೀನಿಗೆಂದು ಗ್ರಾಸರಿ ಅಂಗಡಿಯಲ್ಲಿ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳಕ್ಕೇ ಕುಂಕುಮ ತುಂಬಿದ್ದರು. ರಸ್ತೆಗೆ ಮುಖ ಮಾಡಿ ನಿಲ್ಲಿಸಿದ ಕಾರಿಗೆ ಚೆಂಡುಹೂವಿನ ಹಾರ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಹಣೆಗೆ ಕುಂಕುಮ ಇಡಿಸಿಕೊಂಡ ಡೇವ್ ಕೈ ಜೋಡಿಸಿ ನಿಂತಿದ್ದ. ಮಂಗಳಾರತಿ ಆಯಿತು. ಶಿವಪ್ರಕಾಶ ಎಲ್ಲರೂ ನೋಡುವ ಹಾಗೆ ಒಳಗೆ ಕೂತು ಎಂಜಿನ್ನು ಗುಡುಗಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಅವನು ಗೇರಿಗೆ ಹಾಕಿದ.

ನಿಂಬೆಹಣ್ಣುಗಳು ಪಟಪಟನೆ ಒಡೆದವು. ಕಾರು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಜಿಗಿದು ರಂಗೋಲಿಯ ಮೇಲೆ ಹಾದು, ರಸ್ತೆ ದಾಟಿ, ತಿರುಮಲೇಶನ ಮನೆಯ ಅಂಚೆಪೆಟ್ಟಿಗೆಯನ್ನು ಕಂಬ ಸಮೇತ ಕೆಡವಿ, ಅವನ ಗುಲಾಬಿ ಪೊದೆಯೊಳಗೆ ಮೂತಿ ಹುಗಿಸಿ ನಿಂತಿತು. ಅಂಚಿನಲ್ಲಿ ನಿಂತಿದ್ದ ಮಗಳು ಹರ್ಷಿತಾಳನ್ನು ಹೇಮಶ್ರೀ ಯಾವಾಗ ಎಳೆದು ಅಪ್ಪಿಕೊಂಡಳೋ ಅವಳಿಗೇ ತಿಳಿಯಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ.

ಎಲ್ಲರೂ ರಸ್ತೆ ದಾಟಿ ಓಡಿದರು. ಶಿವಪ್ರಕಾಶ ಬಾಗಿಲು ತೆರೆದು ಹೊರಬಂದ. ಹಣೆಯ ಬೆವರಲ್ಲಿ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಡೇವ್‌ನ ಮುಖ ನೋಡಿದ, ಸುತ್ತ ನಿಂತವರನ್ನು ನೋಡಿದ, ಆಮೇಲೆ ರಸ್ತೆಯಾಚೆ ಮಗಳನ್ನು ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದ.

"ನಾನೇನು ಮಾಡ್ಲಿ? ಎಂಜಿನ್ನಿಗೆ ಏನು ಹಾಕ್ಬೇಕು ಅಂತ ಆರಿಸಿದ್ದು ಇವಳು. ಮೆಕ್ಯಾನಿಕಲ್ ಓದಿದಾಳಲ್ಲ ಅಂತ ಬಿಟ್ಟೆ. ಎಲ್ಲಾ ಇವಳದೇ ಸೆಲೆಕ್ಷನ್ನು."

ಅದನ್ನೇ ಮತ್ತೊಮ್ಮೆ ಡೇವ್‌ಗೆ ಇಂಗ್ಲಿಷಿನಲ್ಲಿ ಹೇಳಿದ.

ಎಲ್ಲರೂ ತಿರುಗಿ ಹೇಮಶ್ರೀಯನ್ನು ನೋಡಿದರು. ಪರದೆ ತೋರಿಸಿದಾಗ ನೋಡುತ್ತಿದ್ದ ಹಾಗೆಯೇ ತಲೆದೂಗಿದರು, ಮೆಚ್ಚುಗೆ ಮಾತ್ರ ಇರಲಿಲ್ಲ. ಡೇವ್ ಪಾಪದವನು, ಹೀಗೆಲ್ಲ ಆಗುತ್ತದೆ ಎನ್ನುವಂತೆ ಶಿವಪ್ರಕಾಶನ ಹೆಗಲು ತಟ್ಟಿದ. ಅಂಥ ಹೆಂಡತಿಯನ್ನು ಕಟ್ಟಿಕೊಂಡವನ ಹೆಗಲು.

"ಬಿಡಿ ಅತ್ತಿಗೆ," ಅಂದ ತಿರುಮಲೇಶ, ಮುರಿದ ಕಂಬ ಎತ್ತುತ್ತ. "ಹೊಸದಾಗಿ ಕಲಿಯೋವಾಗ ಇದೆಲ್ಲಾ ಆಗೋದೇ."

ಹೇಳಬೇಕಾದ ಮಾತುಗಳೆಲ್ಲ ಅವಳ ನಾಲಿಗೆಯ ಮೇಲೇ ಇದ್ದವು. ಒಂದೇ ಒಂದು ವಾಕ್ಯ ಸಾಕಿತ್ತು. ಆದರೆ ಆ ವಾಕ್ಯದ ಆಚೆಗೆ ಡೇವ್ ಇದ್ದ, ಡೇವ್‌ನ ಕೈಯಲ್ಲಿ ಗಂಡನ ಕೆಲಸವಿತ್ತು, ಕೆಲಸದ ಮೇಲೆ ವೀಸಾ, ವೀಸಾದ ಮೇಲೆ ಮನೆ. ಅವನಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ.

"ಅಡುಗೆ ಆರಿಹೋಗುತ್ತೆ," ಅಂದಳು. "ಎಲ್ಲಾ ಊಟಕ್ಕೆ ಬನ್ನಿ."

ಎಷ್ಟೋ ತಿಂಗಳು ಕಾದಿದ್ದ ಮಾತು ಅವಳಿಗೆ ಸಿಕ್ಕಿತ್ತು. ಜನರ ಮುಂದೆಯೇ ಸಿಕ್ಕಿತ್ತು, ಎರಡು ಭಾಷೆಗಳಲ್ಲಿ.

ಆ ವಾರ ಗ್ರಾಸರಿ ಅಂಗಡಿಯಲ್ಲಿ, ಶಾಲೆಯ ಗೇಟಿನಲ್ಲಿ ಸಿಕ್ಕವರೆಲ್ಲ ಕಾರಿನ ವಿಷಯ ಕೇಳಿದರು. ಅವಳು ನಕ್ಕಳು. ಒಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಿದ್ದ ಹರ್ಷಿತಾ ಕನ್ನಡಿಯಲ್ಲಿ ತಾಯಿಯನ್ನು ನೋಡುತ್ತ ಕೇಳಿದಳು. "ಅಮ್ಮಾ, ವೈ ಡಿಡ್ ಯೂ ಬ್ರೇಕ್ ಡ್ಯಾಡೀಸ್ ಕಾರ್?"

"ಯಾರು ಹೇಳಿದ್ದು ಹಾಗಂತ?"

"ಎವ್ರಿಬಡಿ."

ಹೇಮಶ್ರೀ ಜಡೆಯ ತುದಿಗೆ ರಬ್ಬರ್ ಬ್ಯಾಂಡು ಸುತ್ತಿದಳು. ಕೈ ಎಷ್ಟು ಬಿಗಿಯಾಯಿತೆಂದರೆ ಮಗಳು "ಔಚ್" ಅಂದಳು.

ಶನಿವಾರ ಬೆಳಿಗ್ಗೆ ಕಾಫಿ ಮುಗಿಸಿ ಹೇಮಶ್ರೀ ಗ್ಯಾರೇಜಿಗೆ ಹೋಗಿ ಗೋಡೆಯ ಗುಂಡಿ ಒತ್ತಿದಳು. ಬಾಗಿಲು ಕಿರುಗುಟ್ಟುತ್ತ ಮೇಲೆದ್ದಿತು, ಬೀದಿಯ ಬಿಸಿಲು ಕಾರಿನ ನೆಗ್ಗಿದ ಮೂತಿಯವರೆಗೂ ಬಂತು. ಅಟ್ಟದಿಂದ ಸೀರೆಯ ಗಂಟುಗಳನ್ನೂ ಮೊಟ್ಟೆ ಡಬ್ಬಿಗಳನ್ನೂ ಇಳಿಸಿದಳು. ರೇಡಿಯೇಟರ್ ಬಿಚ್ಚುವ ಹೊತ್ತಿಗೆ ಶಿವಪ್ರಕಾಶ ಪೈಜಾಮದಲ್ಲೇ ಓಡಿಬಂದ.

"ಬಾಗಿಲು ಹಾಕೇ! ಯಾರಾದ್ರೂ ನೋಡಿದ್ರೆ?"

"ನೋಡ್ಲಿ."

"ಫೋನ್ ಮಾಡಿದ್ರೆ ಹೇಮಾ? ವೀಸಾ…"

"ಮಾಡ್ಲಿ ರೀ. ಇವಳು ಕೆಲಸ ಮಾಡ್ತಿದ್ದಾಳೆ ಅಂತ ಒಬ್ಬರಾದ್ರೂ ಹೇಳ್ಲಿ."

ಅವನು ಬೀದಿ ನೋಡಿದ, ಅವಳ ಮೊಣಕೈವರೆಗಿನ ಮಸಿ ನೋಡಿದ. ತಿರುಗಿ ಒಳಗೆ ಹೋದ. ಒಳಗೆ ಟೀವಿಯ ಸದ್ದು ಜೋರಾಯಿತು. ಹರ್ಷಿತಾ ಹಾಲಿನ ಲೋಟ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತಳು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಕ್ಯಾಮು ಹೊರಗೆ ಬಂದು ಹಳೆಯದು ಒಳಗೆ ಕೂತಿತ್ತು. ತಿರುಮಲೇಶ ತನ್ನ ಹೊಸ ಅಂಚೆಪೆಟ್ಟಿಗೆಗೆ ಬಣ್ಣ ಬಳಿಯುತ್ತಿದ್ದವನು ಕುಂಚ ಹಿಡಿದೇ ರಸ್ತೆ ದಾಟಿ ಬಂದು, ಗ್ಯಾರೇಜಿನ ಎದುರು ನಿಂತು ನೋಡಿದ. ಅವಳ ಕೈಗಳನ್ನು, ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ ಭಾಗಗಳನ್ನು, ಎಲ್ಲವನ್ನೂ ನೋಡಿದ. ಅವಳು ಸ್ಪ್ಯಾನರ್ ಇಳಿಸಿ ತಲೆಯೆತ್ತಿದಳು. ಅವನು ಏನನ್ನೋ ಅರ್ಥ ಮಾಡಿಕೊಳ್ಳುತ್ತಿದ್ದಾನೆ ಎಂದು ಒಂದು ಗಳಿಗೆ ಅನ್ನಿಸಿತು.

"ವಾಹ್ ಅತ್ತಿಗೆ!" ಅಂದ ತಿರುಮಲೇಶ ಖುಷಿಯಿಂದ. "ಹಾಳು ಮಾಡಿದ್ದನ್ನ ನೀವೇ ಸರಿ ಮಾಡೋಕೆ ಕೂತ್ರಾ! ಹಿಂಗಿರ್ಬೇಕು ನೋಡಿ. ನಮ್ಮೋಳಾಗಿದ್ರೆ ಅಳ್ತಾ ಕೂತಿರೋಳು. ಶಿವೂ ಪುಣ್ಯವಂತ."

ಕುಂಚ ಅಲುಗಾಡಿಸುತ್ತ ಹೊರಟುಹೋದ. ಮೆಟ್ಟಿಲ ಮೇಲಿದ್ದ ಮಗಳು ಅದನ್ನು ಕೇಳಿಸಿಕೊಂಡಿದ್ದಳು. ತಾಯಿಯನ್ನು ನೋಡಿ, ಕ್ಷಮಿಸಿಬಿಟ್ಟವರ ಹಾಗೆ ನಕ್ಕಳು.

ಹೇಮಶ್ರೀ ಮೊಟ್ಟೆ ಡಬ್ಬಿಯಿಂದ ಮೊದಲ ಲಿಫ್ಟರ್ ತೆಗೆದು ಒರೆಸಿದಳು. ಕಾರು ಮತ್ತೆ ಗುಡ್ಡ ಹತ್ತುತ್ತದೆ. ಡೇವ್ ಮತ್ತೆ ಕೇಳುತ್ತಾನೆ. ಹೆಂಡತಿ ಕೆಡಿಸಿದ್ದನ್ನು ತಾನೇ ಕೂತು ಸರಿಮಾಡಿದೆ ಎನ್ನುತ್ತಾನೆ ಇವನು. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಎರಡು ತುಂಡುಗಳ ಜಾಗ ಅದಲುಬದಲು ಮಾಡಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ, ಒಳಗೊಳಗೇ ಸವೆದು ಎಂಜಿನ್ನು ತಾನಾಗಿ ಸಾಯುತ್ತದೆ. ಎರಡನೆಯದನ್ನೂ ತೆಗೆದು, ಅಂಗೈಯಲ್ಲಿ ಎರಡನ್ನೂ ತೂಗಿ ನೋಡಿದಳು.

ಆಮೇಲೆ ಎಣ್ಣೆ ಸವರಿ, ಮೊದಲನೆಯದನ್ನು ಮೊದಲನೆಯದರ ಜಾಗಕ್ಕೇ ಇಳಿಸಿದಳು. ತಪ್ಪಾಗಿ ಕೂರಿಸಲು ಅವಳ ಕೈಗೆ ಬರುತ್ತಿರಲಿಲ್ಲ.